ಮರುದೇವಿಯ ಆಂಪ್ಲಿಫೈಯರ್

ನಮ್ಮ ಊರಿನಲ್ಲಿ ಆಂಪ್ಲಿಫೈಯರನ್ನು ಯಾರೂ ಆರಿಸಿ ತರುವುದಿಲ್ಲ. ಅದು ಯಾರ ಮುಂದೆ ಹಾಡುತ್ತದೋ ಅವರು ಹೊತ್ತು ತರುತ್ತಾರೆ. ಕರಿಬಸಪ್ಪನ ಅಂಗಡಿಯ ಹಿಂಭಾಗದಲ್ಲಿ ಒಂದು ಮರದ ಕುರ್ಚಿಯಿದೆ. ಅದರಲ್ಲಿ ಕುಳಿತರೆ ಆತ ಒಂದೊಂದೇ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ರೆಕಾರ್ಡು ಹಾಕುತ್ತಾನೆ. ಕುಳಿತವರ ರುಚಿಗೂ ಪೆಟ್ಟಿಗೆಯ ಗುಣಕ್ಕೂ ಹೊಂದದಿದ್ದರೆ ಸ್ಪೀಕರಿನಿಂದ ಬರಿಯ ಗುಂಯ್ ಎಂಬ ಸದ್ದು ಬರುತ್ತದೆ. ಹೊಂದಿದರೆ ಹಾಡು ಬರುತ್ತದೆ. ಹಾಡಿದ ಮೇಲೆ ಆ ಪೆಟ್ಟಿಗೆ ಆ ಮನುಷ್ಯನದು. ಅವನು ಎದುರಿಗೆ ಕುಳಿತಿರುವಷ್ಟು ಹೊತ್ತು ಮನೆಮಂದಿ, ನೆಂಟರು, ಬೀದಿಯಲ್ಲಿ ಹೋಗುವವರು ಎಲ್ಲರೂ ಕೇಳಬಹುದು. ಅವನು ಎದ್ದು ಹೋದರೆ ಮತ್ತೆ ಅದೇ ಗುಂಯ್. ಆದ್ದರಿಂದಲೇ ನಮ್ಮಲ್ಲಿ ಸಂಬಂಧ ಕುದುರಿಸಲು ಬಂದವರು ಜಾತಕಕ್ಕಿಂತ ಮೊದಲು ಪೆಟ್ಟಿಗೆಯ ವಿಚಾರ ಎತ್ತುತ್ತಾರೆ. "ಹುಡುಗನದು ವಾಲ್ವೋ, ಟ್ರಾನ್ಸಿಸ್ಟರೋ?" ಎಂದು ಕೇಳಿ, ಉತ್ತರ ಬರುವವರೆಗೆ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕುವುದಿಲ್ಲ.

ನನ್ನದು ವಾಲ್ವಿನದು. ಅಂಗೈಯಗಲದ ತಗಡಿನ ಮೇಲೆ ನಿಂತ ಗಾಜಿನ ಬುರುಡೆಗಳು. ಸ್ವಿಚ್ ಒತ್ತಿದ ಸ್ವಲ್ಪ ಹೊತ್ತಿಗೆ ಅವುಗಳ ಒಳಗೆ ಕೆಂಡದ ಬಣ್ಣ ಮೂಡುತ್ತದೆ. ಆಮೇಲೆ ಬರುವ ಸ್ವರಕ್ಕೆ ಎಲ್ಲಿಯೂ ಮೂಲೆಯಿಲ್ಲ. ವೀಣೆಯನ್ನು ತುಪ್ಪದಲ್ಲಿ ಅದ್ದಿ ತೆಗೆದು ನುಡಿಸಿದ ಹಾಗೆ ಕೇಳುತ್ತದೆ. ನನ್ನ ಹೆಂಡತಿ ಮರುದೇವಿಯದು ಟ್ರಾನ್ಸಿಸ್ಟರಿನದು. ಕಪ್ಪು ಕಬ್ಬಿಣದ ಪೆಟ್ಟಿಗೆ, ಎತ್ತಲು ಎರಡು ಆಳು ಬೇಕು. ಎರಡು ಪಕ್ಕಕ್ಕೂ ಶಾಖ ಹೋಗಲು ರೆಕ್ಕೆಯಂಥ ಪಟ್ಟಿಗಳು. ಬಳಸುವಾಗ ದೋಸೆಯ ಹೆಂಚಿನಂತೆ ಕಾಯುತ್ತಿತ್ತು. ಆದರೆ ಸ್ವರ ಮಾತ್ರ ತೊಳೆದಿಟ್ಟ ಗಾಜಿನಷ್ಟು ತಣ್ಣಗೆ, ಸ್ವಚ್ಛವಾಗಿರುತ್ತಿತ್ತು. ಹಾಡುವಾಕೆ ಸಾಲು ಎತ್ತಿಕೊಳ್ಳುವ ಮುನ್ನ ಎಳೆದುಕೊಂಡ ಉಸಿರು, ತಂತಿಯ ಮೇಲೆ ಉಗುರು ಜಾರಿದ್ದು, ಹಿಂದೆ ತಂಬೂರಿ ಹಿಡಿದವಳ ಬಳೆ ಕಿಣಿ ಎಂದದ್ದು, ಎಲ್ಲವೂ ಅದರಲ್ಲಿ ಕೇಳುತ್ತಿತ್ತು.

ವಾಲ್ವಿಗೂ ಟ್ರಾನ್ಸಿಸ್ಟರಿಗೂ ಮದುವೆಯಾದರೆ ಸಂಸಾರ ನಿಲ್ಲುವುದಿಲ್ಲವೆಂದು ಹಿರಿಯರು ಹೇಳಿದ್ದರು. ನಿಂತಿತು. ಬೆಳಿಗ್ಗೆ ಬಸದಿಯಿಂದ ಬಂದ ಮೇಲೆ ಅವಳ ಪೆಟ್ಟಿಗೆ, ಮಧ್ಯಾಹ್ನದ ಮೇಲೆ ನನ್ನದು, ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತಾಗ ಎರಡರ ಮೇಲೂ ವಾದ.

"ನಿಮ್ಮ ಪೆಟ್ಟಿಗೆ ಬಂದವರಿಗೆಲ್ಲ ಒಂದೇ ಪಾಯಸ ಬಡಿಸುತ್ತೆ ಕಣ್ರೀ. ಕೆಟ್ಟದಾಗಿ ಹಾಡಿದವಳೂ ಅದರಲ್ಲಿ ಸರಸ್ವತಿ," ಎನ್ನುತ್ತಿದ್ದಳು.

"ನಿನ್ನದು ಮದುವೆಮನೇಲಿ ನೆಂಟರ ಸೀರೆ ಅಂಚು ಎತ್ತಿ ನೋಡೋ ಮುದುಕಿ ಥರ," ಎನ್ನುತ್ತಿದ್ದೆ.

"ನೋಡಬೇಕಲ್ಲ ಮತ್ತೆ. ಹಾಡು ಊರಿಗೆಲ್ಲ ಕೇಳುತ್ತೆ. ಆಯಮ್ಮ ಉಸಿರು ತಗೊಂಡದ್ದು ಯಾರಿಗೆ ಕೇಳಿತು? ಪಾಪ, ಅದನ್ನೂ ಒಬ್ಬರು ಕೇಳಬೇಕು."

ನಾನು ಇನ್ನೊಂದು ಮಾತು ಹುಡುಕುವುದರೊಳಗೆ ಅವಳು ಮಜ್ಜಿಗೆ ಬಡಿಸಿಬಿಡುತ್ತಿದ್ದಳು. ಹಾಗೆ ಯಾರೂ ಗೆಲ್ಲದೆ ನಮ್ಮ ಆಯುಷ್ಯ ಕಳೆಯಿತು.

ಹೋದ ಮಾಘಮಾಸದಲ್ಲಿ ಅವಳಿಗೆ ಜ್ವರ ಬಂತು, ಎದೆಗೆ ಇಳಿಯಿತು. ಕೊನೆಯ ಹೊತ್ತಿನಲ್ಲಿ ನಾನು ಪಂಚನಮಸ್ಕಾರವನ್ನು ಕಿವಿಯಲ್ಲಿ ಹೇಳುತ್ತಿದ್ದರೆ ತುಟಿ ಅಲ್ಲಾಡಿಸುತ್ತಲೇ ಹೋದಳು. ಒಳ್ಳೆಯ ಸಾವು ಎಂದು ಎಲ್ಲರೂ ಹೇಳಿದರು. ದೇಹ ಬಟ್ಟೆಯಂತೆ, ಅಳುವುದು ಅಜ್ಞಾನ ಎಂದು ಬಸದಿಯಲ್ಲಿ ಬಾಲ್ಯದಿಂದ ಕೇಳಿಕೊಂಡು ಬಂದವನು ನಾನು. ಆ ಮಾತು ನಿಜವೆಂದೇ ಇಂದಿಗೂ ನಂಬುತ್ತೇನೆ. ಆದರೂ ಅತ್ತೆ.

ಸೂತಕ ಕಳೆದ ಮೇಲೆ ಕರಿಬಸಪ್ಪ ಬಂದ. ನಮ್ಮಲ್ಲಿ ತೀರಿಕೊಂಡವರ ಪೆಟ್ಟಿಗೆಯನ್ನು ಜಗಲಿಗೆ ತಂದಿಡುವ ಪದ್ಧತಿಯಿದೆ. ಊರಿನವರು ಬಂದು ಒಬ್ಬೊಬ್ಬರಾಗಿ ಎದುರಿಗೆ ಕೂರುತ್ತಾರೆ. ಯಾರ ಮುಂದೆ ಹಾಡುತ್ತದೋ ಅವರ ಮನೆಗೆ ಅದು ಹೋಗಬೇಕು. ಹಾಗೆ ಮಾಡದೆ ಮೂಗಾಗಿ ಇಟ್ಟುಕೊಂಡರೆ ಒಳಗಿನ ಕಂಡೆನ್ಸರುಗಳು ಬತ್ತಿ ಪೆಟ್ಟಿಗೆ ಸತ್ತುಹೋಗುತ್ತದೆ. ಆಮೇಲೆ ಅದನ್ನು ಯಾರೂ ಹಾಡಿಸಲಾರರು.

"ಜಗಲಿಗೆ ಇಡೋಣ್ವಾ ಪಾಯಣ್ಣೋರೇ?" ಎಂದ ಕರಿಬಸಪ್ಪ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು.

"ಬೇಡ. ನಾನೇ ಇಟ್ಕೋತೀನಿ."

"ನೀವಾ? ನಿಮ್ಮದು ವಾಲ್ವಲ್ವಾ?"

"ಕಲೀತೀನಿ."

ಆತ ನನ್ನನ್ನೇ ನೋಡಿದ. ಜ್ವರ ನೋಡುವಂತೆ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಮಳೆಗಾಲ ಬಂದರೆ ತೇವ ಹಿಡಿಯುತ್ತೆ. ಅಷ್ಟರೊಳಗೆ ಇದು ಹಾಡಬೇಕು. ಆಮೇಲೆ ನನ್ನನ್ನ ಬೈಬೇಡಿ," ಎಂದು ಹೇಳಿ ಹೋದ.

ನನಗೆ ಬೇಕಾಗಿದ್ದುದು ಇಷ್ಟೇ. ಅವಳು ಕೇಳುತ್ತಿದ್ದ ಹಾಗೆಯೇ ಅವಳ ಮೆಚ್ಚಿನ ಹಾಡು ನಮ್ಮ ಮನೆಯಲ್ಲಿ ಒಮ್ಮೆಯಾದರೂ ಮತ್ತೆ ಕೇಳಬೇಕು. ಅವಳ ಸೀರೆಗಳಿದ್ದವು, ಕನ್ನಡಕವಿತ್ತು, ಜಪಮಣಿಯಿತ್ತು. ಆದರೆ ಅವಳು ಇಷ್ಟಪಟ್ಟ ರೀತಿ ಅವುಗಳಲ್ಲಿ ಇರಲಿಲ್ಲ. ಅದು ಇದ್ದುದು ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಮಾತ್ರ. ಅದು ಬೇರೆಯವರ ಮನೆ ಸೇರುವುದನ್ನು ನೆನೆದರೆ ಅವಳನ್ನು ಎರಡನೆಯ ಸಲ ಹೊರಗೆ ಎತ್ತಿದಂತೆ ಆಗುತ್ತಿತ್ತು.

ಅವಳ ಕುರ್ಚಿಯಲ್ಲಿ ಕುಳಿತು ಅವಳಿಗೆ ಅಚ್ಚುಮೆಚ್ಚಿನ ರೆಕಾರ್ಡು ಹಾಕಿದೆ. ಗುಂಯ್ ಎಂದಿತು. ಅವಳ ಶಾಲು ಹೊದ್ದು ಕುಳಿತೆ. ಗುಂಯ್. ಒಂದು ವಾರ ಉಪವಾಸ ಮಾಡಿ, ನಾಲಿಗೆ ಶುದ್ಧವಾದರೆ ಕಿವಿಯೂ ಶುದ್ಧವಾದೀತೆಂದು ಕುಳಿತೆ. ಹಸಿವೆಯಿಂದ ಆ ಗುಂಯ್ ಇನ್ನಷ್ಟು ದೊಡ್ಡದಾಗಿ ಕೇಳಿತು. ಬೇರೆ ಊರಿನವರಿಗೆ ಇದು ಹುಚ್ಚೆಂದು ತೋರೀತು. ನಮ್ಮ ಊರಿನಲ್ಲಿ ಈ ತಪ್ಪನ್ನು ಮಾಡದವರು ಕಡಿಮೆ. ದೊಡ್ಡ ಪೆಟ್ಟಿಗೆಯ ಆಸೆಗೆ ಬಿದ್ದು ರುಚಿಯನ್ನು ಅಭ್ಯಾಸ ಮಾಡುವವರು ಓಣಿಗೊಬ್ಬರಿದ್ದಾರೆ. ಅವರನ್ನು ಕಂಡು ನಾನೂ ಮರುದೇವಿಯೂ ನಕ್ಕದ್ದೂ ಉಂಟು.

ಆಮೇಲೆ ನಾನು ಅವಳ ಹಾಗೆ ಕೇಳುವುದನ್ನೇ ವ್ರತವಾಗಿ ಹಿಡಿದೆ. ಬಸದಿಯಲ್ಲಿ ಪುರೋಹಿತರು ಅಭಿಷೇಕದ ಶ್ಲೋಕ ಹೇಳುವಾಗ ಶ್ಲೋಕವನ್ನು ಬಿಟ್ಟು ಅವರು ಎಲ್ಲೆಲ್ಲಿ ಉಸಿರೆಳೆಯುತ್ತಾರೆಂದು ಗಮನಿಸಿದೆ. ಸೊಪ್ಪಿನವಳು ಕೂಗಿದರೆ ಅವಳ ಗಂಟಲು ಎಲ್ಲಿ ಒಡೆಯಿತೆಂದು ಹುಡುಕಿದೆ. ಪಕ್ಕದ ಮನೆಯ ತುಳಜಾಬಾಯಿ ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದಳು. ಆಕೆ ರವಿಕೆ ಹೊಲಿಯುವವಳು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮರುದೇವಿಗೂ ಆಕೆಗೂ ರವಿಕೆಯ ವಿಷಯದಲ್ಲಿ ಆಗುತ್ತಿದ್ದ ಜಗಳ ಇಡೀ ಬೀದಿಗೆ ಗೊತ್ತು. ಹೊಲಿದ ರವಿಕೆಯನ್ನು ಇವಳು ಬೆಳಕಿಗೆ ಹಿಡಿದು ಒಂದು ಸೊಟ್ಟ ಹೊಲಿಗೆ ಹುಡುಕುವಳು. ಆಕೆ ಅದನ್ನು ಕಿತ್ತುಕೊಂಡು, ಅದರ ಪಕ್ಕದಲ್ಲೇ ಇನ್ನೊಂದು ಸೊಟ್ಟ ಹೊಲಿಗೆ ಇದೆಯೆಂದೂ ಇವಳಿಗೆ ಕಣ್ಣಿಲ್ಲವೆಂದೂ ಬೈಯುವಳು.

"ಪಾಯಣ್ಣಾ, ಯಾಕೆ ಎಲ್ಲರ ಬಾಯಿ ಹತ್ತಿರ ಕಿವಿ ತಗೊಂಡು ಹೋಗ್ತೀರಿ? ಜನ ಹೆದರ್ತಾರೆ," ಎಂದಳು.

"ಮರುದೇವಿ ಪೆಟ್ಟಿಗೆ ಹಾಡಿಸಬೇಕು."

"ಅದಕ್ಕೆ ಕಳ್ಳನ ಹಾಗೆ ಕೇಳಿದ್ರೆ ಆಗುತ್ತಾ? ಅಕ್ಕ ಹಾಗೆ ಕೇಳ್ತಿರಲಿಲ್ಲ. ಸುಮ್ಮನೆ ಕೂರೋರು."

"ನಿಮಗೇನು ಗೊತ್ತು? ನಿಮ್ಮ ಮನೇಲಿ ಪೆಟ್ಟಿಗೇನೇ ಇಲ್ಲ."

"ಇಲ್ಲ. ನನಗೆ ಕಿವೀನೂ ಇಲ್ಲ. ಹೊಲಿಗೆ ಮಿಷನ್ನು ಇದೆ, ಸಾಕು," ಎಂದು ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು ಒಳಗೆ ಹೋದಳು.

ಚೈತ್ರದಲ್ಲಿ ಒಂದು ಮಧ್ಯಾಹ್ನ ಮನಸ್ಸಿಗೆ ಬಹಳ ಬೇಸರವಾಗಿ, ನನ್ನ ಹಳೆಯ ವಾಲ್ವನ್ನಾದರೂ ಕೇಳೋಣವೆಂದು ಅದರ ಮುಂದೆ ಕುಳಿತೆ. ಬುರುಡೆಗಳು ಕೆಂಪಾದವು. ಸೂಜಿಯನ್ನು ಇಳಿಸಿದೆ. ಗುಂಯ್ ಎಂದಿತು. ತಂತಿ ಸಡಿಲವಾಗಿದೆಯೆಂದು ಬಿಗಿ ಮಾಡಿದೆ. ಗುಂಯ್. ಕರಿಬಸಪ್ಪನನ್ನು ಕರೆಸಿದೆ. ಆತ ಒಂದೊಂದೇ ವಾಲ್ವನ್ನು ಕಿತ್ತು ಒರೆಸಿ ಹಾಕಿ, ಕೊನೆಗೆ ನೆಲದ ಮೇಲೆ ಕುಳಿತುಬಿಟ್ಟ.

"ಪೆಟ್ಟಿಗೆ ಚೆನ್ನಾಗೇ ಇದೆ ಪಾಯಣ್ಣೋರೇ. ನಿಮಗೇ ಈಗ ಇದು ಬೇಡವಾಗಿದೆ. ಅದು ಇನ್ನೂ ಬಂದಿಲ್ಲ, ಇದು ಹೋಯ್ತು."

ಹಾಗೆ ನಮ್ಮ ಮನೆಯಲ್ಲಿ ಎರಡು ಪೆಟ್ಟಿಗೆಗಳೂ ಮೂಗಾದವು. ಮರುದಿನ ಬಸದಿಗೆ ಹೋಗಿ ಪಾರ್ಶ್ವನಾಥನ ಮುಂದೆ ಕಣ್ಣು ಮುಚ್ಚಿ ಕುಳಿತೆ. ಒಂದು ರುಚಿಯನ್ನು ಕೊಡು ಸ್ವಾಮಿ, ಅವಳದಾಗಲಿ ನನ್ನದಾಗಲಿ, ಯಾವುದಾದರೊಂದನ್ನು ಕೊಡು ಎಂದು ಬೇಡಿಕೊಂಡೆ. ಬೇಡಿದ ಮೇಲೆ ನನಗೇ ನಗು ಬಂತು. ಬೇಕು ಬೇಡಗಳನ್ನೆಲ್ಲ ಕಳಚಿ ನಿಂತವನು ಆತ. ಆತನನ್ನು ಕರಿಬಸಪ್ಪನ ಕುರ್ಚಿಯಲ್ಲಿ ಕೂರಿಸಿದರೆ ಅಂಗಡಿಯ ಒಂದು ಪೆಟ್ಟಿಗೆಯೂ ಹಾಡುವುದಿಲ್ಲ. ಅಂಥವನ ಹತ್ತಿರ ರುಚಿಯನ್ನು ಬೇಡಲು ಹೋಗಿದ್ದೆ! ಹೆಂಡತಿ ಇದ್ದಿದ್ದರೆ ಈ ಮಾತನ್ನು ಹೇಳಿ ನಗಿಸುತ್ತಿದ್ದೆ. ಗಂಧೋದಕವನ್ನು ಕಣ್ಣಿಗೆ ಒತ್ತಿಕೊಂಡು ಆತನ ಮುಖ ನೋಡಿದೆ. ಕೊಡುವುದು ಆತನ ಕೆಲಸವಲ್ಲ. ಬಿಡುವುದು ಹೇಗೆಂದು ತೋರಿಸುತ್ತ ನಿಂತಿದ್ದಾನೆ, ಅಷ್ಟೆ. ನಾನು ಮನೆಗೆ ಬಂದು, ಮರುದೇವಿಯ ಪೆಟ್ಟಿಗೆಯನ್ನು ಜಗಲಿಗೆ ಇಡಲು ಆಳುಗಳನ್ನು ಕಳಿಸೆಂದು ಕರಿಬಸಪ್ಪನಿಗೆ ಹೇಳಿ ಕಳಿಸಿದೆ.

ಜನ ಬಂದರು. ಅಂಥ ಪೆಟ್ಟಿಗೆ ಊರಿನಲ್ಲಿ ಮತ್ತೊಂದು ಇರಲಿಲ್ಲ. ಅದರ ಎದುರಿಗೆ ಮರುದೇವಿಯ ಕುರ್ಚಿಯನ್ನೇ ಹಾಕಿಸಿದ್ದೆ. ಮೊದಲು ನಿವೃತ್ತ ಅಮಲ್ದಾರರಾದ ಹಿರಿಯಣ್ಣಯ್ಯನವರು ಕುಳಿತರು. ಅವರಿಗೆ ಮೃದಂಗದ ಗುಮ್ಮೆನ್ನುವ ನಾದ ಹೊಟ್ಟೆಗೆ ತಾಗಬೇಕು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದರು. ಗುಂಯ್. ಆಮೇಲೆ ಸರಾಫರ ಮನೆಯ ಲಲಿತಾಂಬೆ ತನ್ನದೇ ಒಂದು ದಪ್ಪನೆಯ ತಂತಿಯನ್ನು ರೇಷ್ಮೆಯ ಚೀಲದಲ್ಲಿ ತಂದಳು. ಪೆಟ್ಟಿಗೆಗಳೆಲ್ಲ ಒಂದೇ, ಗುಣವೆಲ್ಲ ತಂತಿಯದು ಎಂಬುದು ಆಕೆಯ ಮತ. ಕರಿಬಸಪ್ಪ ತಂತಿಯನ್ನು ಬದಲಾಯಿಸಿದ. ಗುಂಯ್ ಎಂಬುದು ಅದೇ ಗುಂಯ್.

"ಸ್ವಲ್ಪ ಇಂಪಾಗಿದೆ ಅಲ್ವಾ?" ಎಂದಳು ಲಲಿತಾಂಬೆ.

"ಬಹಳ ಇಂಪಾದ ಗುಂಯ್ ತಾಯೀ," ಎಂದ ಕರಿಬಸಪ್ಪ.

ಇನ್ನೊಬ್ಬರು ಕಣ್ಣು ಮುಚ್ಚಿಕೊಂಡರು, ಇನ್ನೊಬ್ಬರು ಪೆಟ್ಟಿಗೆಗೆ ಬೆನ್ನು ಹಾಕಿ ಕುಳಿತರು. ಯಾರ ಮುಂದೆಯೂ ಅದು ಬಾಯಿ ಬಿಡಲಿಲ್ಲ. ಪ್ರತಿಯೊಬ್ಬರು ಕುಳಿತಾಗಲೂ ಹಾಡದಿರಲೆಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎದ್ದು ಹೋದ ಮೇಲೆ, ಹಾಡಲಿಲ್ಲವಲ್ಲ ಎಂದು ಅಷ್ಟೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ದಿನ ಕಳೆದಂತೆ ಗುಂಯ್ ಎಂಬುದೂ ತೆಳ್ಳಗಾಗುತ್ತ ಬಂತು. ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಕರಿಬಸಪ್ಪ ದಿನವೂ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು, ರೋಗಿಯ ಮನೆಯಿಂದ ಹೊರಡುವ ವೈದ್ಯನ ಹಾಗೆ ಮಾತಾಡದೆ ಹೋಗುತ್ತಿದ್ದ.

ಗಾಳಿಯಲ್ಲಿ ಮಣ್ಣಿನ ವಾಸನೆ ಬಂದ ಒಂದು ಬೆಳಿಗ್ಗೆ ಆತ ಕೊನೆಯ ಸಲ ನೋಡಿಬಿಡೋಣವೆಂದು ಮರುದೇವಿಯ ರೆಕಾರ್ಡನ್ನೇ ಹಾಕಿ ಯಾರಾದರೂ ಬಂದಾರೆಂದು ಮೆಟ್ಟಿಲ ಮೇಲೆ ನಿಂತಿದ್ದ. ಬಂದವಳು ತುಳಜಾಬಾಯಿ. ಕೈಯಲ್ಲಿ ಪೊಟ್ಟಣವಿತ್ತು.

"ಪಾಯಣ್ಣಾ, ಇದು ಅಕ್ಕ ಹೊಲಿಯೋಕೆ ಕೊಟ್ಟಿದ್ದ ರವಿಕೆ. ಅವರು ಇರೋ ತನಕ ಮುಗಿಸೋಕಾಗಲಿಲ್ಲ. ಮೊನ್ನೆ ಮುಗಿಸಿದೆ. ಏನು ಮಾಡಲಿ ಹೇಳಿ," ಎಂದು ಬಿಚ್ಚಿದಳು. ಹಸಿರು ಖಣ. ನಾನು ಅದನ್ನು ತೆಗೆದುಕೊಂಡೆ. ನೋಡುವುದಕ್ಕೂ ಆಗಲಿಲ್ಲ, ಮಡಚುವುದಕ್ಕೂ ಆಗಲಿಲ್ಲ.

"ಬಗಲಲ್ಲಿ ಒಂದು ಹೊಲಿಗೆ ಸೊಟ್ಟ ಇದೆ, ಬಿಟ್ಟಿದೀನಿ. ಬಿಚ್ಚೋಣ ಅಂದ್ಕೊಂಡೆ. ಆಮೇಲೆ, ಅಕ್ಕ ಹುಡುಕ್ತಿದ್ರಲ್ಲ, ಇರಲಿ ಅಂತ... ತೋರಿಸ್ತೀನಿ, ಇಲ್ಲಿ ಬೆಳಕಿಗೆ ಕೊಡಿ," ಎಂದು ಕನ್ನಡಕ ಏರಿಸಿ, ಹತ್ತಿರದಲ್ಲಿದ್ದ ಆ ಕುರ್ಚಿಯಲ್ಲಿ ಕುಳಿತಳು.

ಒಬ್ಬ ಹೆಂಗಸು ಉಸಿರೆಳೆದುಕೊಂಡಳು. ತುಳಜಾಬಾಯಿಯೇ ಎಂದುಕೊಂಡೆ. ಆದರೆ ಆ ಉಸಿರಿನ ಹಿಂದೆಯೇ ಬಳೆ ಕಿಣಿ ಎಂದಿತು, ಹಾಡು ಎದ್ದಿತು. ತೊಳೆದ ಗಾಜಿನಂಥ ಆ ಸ್ವರ ಜಗಲಿಯನ್ನೆಲ್ಲ ತುಂಬಿಕೊಂಡಿತು.

ತುಳಜಾಬಾಯಿ ಹಾವು ತುಳಿದವಳಂತೆ ಎದ್ದು ನಿಂತಳು. ಗುಂಯ್.

"ಅಯ್ಯೋ, ನಾನೇನೂ ಮುಟ್ಟಲಿಲ್ಲ ಪಾಯಣ್ಣಾ!"

"ಕೂತ್ಕೊಳ್ಳಿ ತುಳಜಾಬಾಯಿ! ಏಳಬೇಡಿ!" ಎಂದು ಕರಿಬಸಪ್ಪ ಮೆಟ್ಟಿಲಿನಿಂದ ಹಾರಿ ಬಂದ. ಆಕೆ ಹೆದರುತ್ತ ಹೆದರುತ್ತ ಕುಳಿತಳು. ಹಾಡು ಬಂತು. ರವಿಕೆಯನ್ನು ಎದೆಗೆ ಅವುಚಿಕೊಂಡು ಆಕೆ ಕೇಳಿದಳು. ಸ್ವಲ್ಪ ಹೊತ್ತಿಗೆ ಆಕೆಯ ಹೆದರಿಕೆ ಹೋಗಿ ಹುಬ್ಬು ಗಂಟಿಕ್ಕಿತು. "ನೋಡಿ, ಇಲ್ಲಿ ಆಕೆ ಒಂದಿಷ್ಟು ತಡವರಿಸ್ತಾಳೆ. ಆಮೇಲೆ ಸರಿ ಮಾಡ್ಕೋತಾಳೆ. ಎಷ್ಟು ಚೆನ್ನಾಗಿ ಮುಚ್ಚಿದಳು ನೋಡಿ! ನನ್ನ ಕಿಟಕೀಲಿ ಇಷ್ಟು ಬಿಡಿಬಿಡಿಯಾಗಿ ಕೇಳ್ತಿರಲಿಲ್ಲ," ಎಂದಳು. ಮರುದೇವಿಯ ಕುರ್ಚಿಯಲ್ಲಿ ಕುಳಿತು ಮರುದೇವಿಯ ಹಾಗೆಯೇ ಸೊಟ್ಟ ಹೊಲಿಗೆಯನ್ನು ಹುಡುಕುತ್ತಿದ್ದಳು. ನಾನು ಕಂಬಕ್ಕೆ ಒರಗಿ ನಿಂತೆ. ಪೆಟ್ಟಿಗೆ ಉಳಿಯಿತು ಎಂದು ಸಂತೋಷವಾಯಿತು. ಉಳಿದದ್ದು ನನ್ನಿಂದ ಅಲ್ಲ ಎಂದು ಸಂಕಟವೂ ಆಯಿತು.

ರೆಕಾರ್ಡು ಮುಗಿದ ಮೇಲೆ ಆಕೆ ನನ್ನ ಮುಖ ನೋಡಿ, "ಇದು ಇಲ್ಲೇ ಇರಲಿ ಪಾಯಣ್ಣಾ. ನಾನು ದಿನಾ ಬೆಳಿಗ್ಗೆ ಬಂದು ಕೂತ್ಕೊಂಡು ಹೋಗ್ತೀನಿ. ನೀವು ಕೇಳಬಹುದು," ಎಂದಳು.

ಬೇಕಾದದ್ದನ್ನು ತಟ್ಟೆಯಲ್ಲಿಟ್ಟು ಕೊಟ್ಟಂತಾಗಿತ್ತು. ಹೂಂ ಎನ್ನಲು ಬಾಯಿ ತೆರೆದೆ. ಆಗ ಆಕೆ ಕುರ್ಚಿಯ ಅಂಚಿನಲ್ಲಿ, ಬೇರೆಯವರ ಜಾಗವನ್ನು ತಾನು ಮುಟ್ಟಬಾರದೆಂಬಂತೆ ಮುದುಡಿಕೊಂಡು ಕುಳಿತದ್ದು ಕಂಡಿತು. ದಿನವೂ ಹೀಗೆ ಮುದುಡಿ ಕೂರಬೇಕು, ನಾನು ಕಣ್ಣು ಮುಚ್ಚಿ ಆಕೆ ಅಲ್ಲಿಲ್ಲವೆಂದುಕೊಳ್ಳಬೇಕು. ಇಷ್ಟು ಕಾಲ ಒಂದು ಪೆಟ್ಟಿಗೆಯೂ ಇಲ್ಲದೆ, ನನಗೆ ಕಿವಿಯಿಲ್ಲ ಎಂದು ಹೇಳಿಕೊಂಡು, ನಮ್ಮ ಮನೆಯ ಕಡೆಗಿದ್ದ ಕಿಟಕಿಯ ಹತ್ತಿರ ಮಿಷನ್ನು ಹಾಕಿಕೊಂಡಿದ್ದ ಹೆಂಗಸು.

"ಬೇಡ. ನಿಮ್ಮ ಮನೆಗೆ ಹೋಗಲಿ. ಅದು ನಿಮ್ಮದು," ಎಂದೆ. ಆಳುಗಳು ಎತ್ತಿದಾಗ ಒಂದು ಕಡೆಗೆ ನಾನೂ ಕೈ ಕೊಟ್ಟೆ. ಆ ಸಂಜೆಯೇ ಮಳೆ ಬಂತು.

ನಾಲ್ಕಾರು ದಿನ ಆಕೆಯ ಮನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಆಕೆಯೇ ಬಾಗಿಲಿಗೆ ಬಂದು, "ಬರ್ತೀರೋ, ನಿಮ್ಮನ್ನೂ ಎತ್ತಿಸ್ಕೊಂಡು ಹೋಗಲೋ?" ಎಂದಳು. ಹೋದೆ. ಬಟ್ಟೆಯ ತುಣುಕುಗಳನ್ನು ಸರಿಸಿ ನನಗೆ ಮಣೆ ಹಾಕಿದಳು. ಪೆಟ್ಟಿಗೆಯ ಮೇಲೆ ಅದಾಗಲೇ ಒಂದು ಕಸೂತಿಯ ಗವುಸು ಸಿದ್ಧವಾಗಿತ್ತು. ಅದನ್ನು ತೆಗೆದು, ನಾನು ಕಳಿಸಿಕೊಟ್ಟಿದ್ದ ಮರುದೇವಿಯ ರೆಕಾರ್ಡನ್ನು ಹಾಕಿ ಎದುರಿಗೆ ಕುಳಿತಳು. ಈ ಸಲ ಕಾಲು ಚಾಚಿ ಕುಳಿತಳು.

ನಾನು ಕಣ್ಣು ಮುಚ್ಚಿದೆ. ಉಸಿರು ಬಂತು, ಬಳೆ ಕಿಣಿ ಎಂದಿತು, ಉಗುರು ಜಾರಿತು. ಈಗ ಅವಳು ಬರುತ್ತಾಳೆ, ಇದರೊಳಗಿಂದಲೇ ಬರುತ್ತಾಳೆ ಎಂದು ಕಾದೆ. ಹಾಡು ಮುಂದೆ ಹೋಯಿತು. ಅವಳು ಬರಲಿಲ್ಲ. ಬಂದದ್ದು ನನ್ನ ಹಳೆಯ ಕಿರಿಕಿರಿ. ಮೊದಮೊದಲು ಅದನ್ನು ಗುರುತಿಸಲಾರದೆ ಹೋದೆ. ಅನ್ನಕ್ಕೆ ಏನೂ ಕಲಸಿಕೊಳ್ಳದೆ ತಿಂದಂಥ ಕಿರಿಕಿರಿ.

"ಹೇಗಿದೆ?" ಎಂದಳು ತುಳಜಾಬಾಯಿ.

ಪ್ರಾಯಶಃ ಸುಳ್ಳು ಹೇಳಬೇಕಾಗಿತ್ತು. "ಒಣ," ಎಂದೆ.

"ಏನಂದ್ರಿ?"

"ಒಣಕಲು. ಮೂಳೆಯೆಲ್ಲ ಕಾಣುತ್ತೆ, ಮೈಯೇ ಇಲ್ಲ. ಅವಳ ಕಾಲದಿಂದಲೂ ಹೀಗೇ."

"ಮೈ ಬೇಕಾ ನಿಮಗೆ? ತುಪ್ಪ ಸುರ್ಕೊಂಡು ಕೇಳೋರಿಗೆ ಮೈ ಕಾಣುತ್ತಾ? ಇಲ್ಲಿ ನೋಡಿ, ಈ ಸಾಲಲ್ಲಿ ಆಕೆ ನಾಲಿಗೆ ಮೇಲಿನ ಹಲ್ಲಿಗೆ ತಾಗಿದ್ದೂ ಕೇಳುತ್ತೆ!"

"ಆಕೆ ಹಲ್ಲು ಕಟ್ಕೊಂಡು ನನಗೇನಾಗಬೇಕು? ದಂತವೈದ್ಯನಾ ನಾನು?"

"ನೀವು ಅಕ್ಕನಿಗೂ ಹೀಗೇ ಹೇಳ್ತಿದ್ರಾ?"

"ಇದಕ್ಕಿಂತ ಜೋರಾಗಿ ಹೇಳ್ತಿದ್ದೆ."

"ಅದಕ್ಕೇ ಅವರು ಸಂಜೆ ಹೊತ್ತು ಅಷ್ಟು ನಗ್ತಾ ಇದ್ರು," ಎಂದಳು. ಆ ಮಾತು ಕೇಳಿದ ಮೇಲೂ ನನ್ನ ಕೋಪ ಇಳಿಯಲಿಲ್ಲ. ಎದ್ದು, "ಸ್ವರಕ್ಕೆ ಮೈ ಅಂದ್ರೆ ಏನು ಅಂತ ತೋರಿಸ್ತೀನಿ, ಬನ್ನಿ ನಮ್ಮನೆಗೆ," ಎಂದು ಹೇಳಿ ಮಳೆಯಲ್ಲೇ ಮನೆಗೆ ಬಂದೆ. ನನ್ನ ಪೆಟ್ಟಿಗೆ ಮೂಗಾಗಿದೆಯೆಂಬುದು ಆ ಸಿಟ್ಟಿನಲ್ಲಿ ಮರೆತೇಹೋಗಿತ್ತು. ಧೂಳನ್ನು ಪಂಚೆಯ ತುದಿಯಿಂದ ಒರೆಸಿದೆ, ಸ್ವಿಚ್ ಒತ್ತಿದೆ, ಬುರುಡೆಗಳು ಕೆಂಪಗಾಗುವವರೆಗೂ ತುಳಜಾಬಾಯಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ಸೂಜಿ ಇಳಿಸಿ ಕುಳಿತೆ. ವೀಣೆ ಬಂತು. ದುಂಡಗೆ, ತುಂಬಿಕೊಂಡು, ಒಂದು ಮೂಲೆಯೂ ಇಲ್ಲದೆ ಬಂತು. ಪಲ್ಲವಿ ಮುಗಿದು ಮುಂದಕ್ಕೆ ಹೋದ ಮೇಲೆ, ಅದು ಹಾಡುತ್ತಿದೆ ಎಂಬುದು ನನಗೆ ತಿಳಿಯಿತು. ಕೈಗಳು ತಾವಾಗಿ ಮುಗಿದವು.

ತುಳಜಾಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬಂದು ಹೊಸ್ತಿಲಲ್ಲಿ ನಿಂತಳು. ಕೊನೆಯವರೆಗೂ ಅಲ್ಲಾಡದೆ ಕೇಳಿದಳು. ಮುಗಿದ ಮೇಲೆ ಸೂಜಿಯನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ಚೆನ್ನಾಗಿದೆ. ಆದರೆ ಅಸ್ತರು ಜಾಸ್ತಿ ಕೊಟ್ಟಿದ್ದಾರೆ," ಎಂದಳು.

"ಚಳಿಗೆ ಬೇಕಾಗುತ್ತೆ."

"ಈಗ ಎಲ್ಲಿದೆ ಚಳಿ?"

ನಾನು ರೆಕಾರ್ಡನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದೆ. "ಒಳಗೆ ಬಂದು ಕೂತ್ಕೊಳ್ಳಿ, ಹೇಳ್ತೀನಿ," ಎಂದೆ.